ಹನ್ನೆರಡು ಮುಕ್ಕಾಲು ಒಂಬತ್ತು

ನನ್ನಜ್ಜ ಬ್ರಿಟಿಷರ ಕಾಲದಲ್ಲಿ ವಿಜಾಪುರದ ಹತ್ತಿ ಅಡತಿಯಲ್ಲಿ ತೂಕ ಬರೆಯುತ್ತಿದ್ದವರು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಕಿವಿ ಹಿಂಡಿ ನನಗೆ ಬಾಯಿಪಾಠ ಮಾಡಿಸಿದ್ದರು. ಎಂಬತ್ತರ ದಶಕದ ಆರಂಭದಲ್ಲಿ, ನವಿ ಮುಂಬಯಿಯ ಒಂದು ಸೈಟಿನಲ್ಲಿ ಮಣ್ಣು ಅಗೆಯುವವರ ಅಳತೆ ಬರೆಯುವ ಕೆಲಸ ನನಗೆ ಸಿಕ್ಕಿದ್ದು ಆ ಮಗ್ಗಿಗಳಿಂದಲೇ. ಹತ್ತಿರದ ಕಳವಾ ಎಂಬ ಊರಿನ ಬಾಡಿಗೆ ಖೋಲಿಯಿಂದ ದಿನಾ ಹೋಗಿ ಬರುತ್ತಿದ್ದೆ. ಗರ್ವಕ್ಕೇನೂ ಕಡಿಮೆ ಇರಲಿಲ್ಲ.

ನೂರು ಘನ ಅಡಿ ಮಣ್ಣಿಗೆ ಒಂದು ಬ್ರಾಸ್. ಕೂಲಿಯೂ ಬ್ರಾಸಿನ ಮೇಲೆಯೇ. ನಮ್ಮ ಕಡೆಯ ಎಂಟು ಮಂದಿ ಎಂಟು ದಿನ ಅಗೆದು ನಲವತ್ತಡಿ ಉದ್ದ, ಮೂವತ್ತಡಿ ಅಗಲದ ತಗ್ಗು ಮಾಡಿದ್ದರು. ಅಂದರೆ ಒಂದಡಿ ಆಳಕ್ಕೆ ಹನ್ನೆರಡು ಬ್ರಾಸ್. ಸುತ್ತಲಿನ ನೆಲವನ್ನೂ ಬೇರೆ ಗ್ಯಾಂಗಿನವರು ಅಗೆದು ಇಳಿಸಿದ್ದರು. ತಗ್ಗಿನ ನಡುವೆ ಅಲ್ಲಲ್ಲಿ ತಲೆಯ ಮೇಲಿನ ಹುಲ್ಲು ಸಹಿತ ಮಣ್ಣಿನ ದಿಂಡುಗಳು ನಿಂತಿದ್ದವು. ನನಗೆ ಅದು ಸೋಮಾರಿತನ ಅನ್ನಿಸಿತು.

"ನಾಳೆ ಅಳತಿಗೆ ಸಾಹೇಬ್ರು ಬರ್ತಾರ. ಇವನ್ನೆಲ್ಲ ಕಡದು ಒಗೀರಿ," ಎಂದೆ.

"ಬ್ಯಾಡೋ ತಮ್ಮಾ, ಅಳತಿ ಆಗೂತನಕ ಇರ್ಲಿ," ಎಂದಳು ಗ್ಯಾಂಗಿನ ಹಿರಿಯ ಹೆಂಗಸು.

"ನಂಗ ಲೆಕ್ಕ ಕಲಸ್ತಿ ಏನವ್ವಾ?" ಎಂದು ರೇಗಿದೆ. ಅವರು ಸಲಿಕೆ ಎತ್ತಿದರು. ಅವಳ ಮೊಮ್ಮಗು ಮಲಗಿದ್ದ ಮೂಲೆಯ ಕಡೆಗೆ ಮಾತ್ರ ಯಾರೂ ಹೋಗಲಿಲ್ಲ.

ಮರುದಿನ ಸಾಹೇಬರು ಉದ್ದ ಅಳೆದರು, ಅಗಲ ಅಳೆದರು. ಆಮೇಲೆ ಟೇಪು ಹಿಡಿದು ಸುತ್ತ ನೋಡಿದರು. "ಗಹರಾಯಿ ಕಹಾಂ ಸೆ ನಾಪೂಂ?" ಆಳವನ್ನು ಎಲ್ಲಿಂದ ಅಳೆಯಲಿ ಎಂದು ಕೇಳಿದರು.

ಮೊದಲಿನ ನೆಲ ಎಷ್ಟು ಎತ್ತರಕ್ಕಿತ್ತೆಂದು ಹೇಳಲು ಅಲ್ಲಿ ಏನೂ ಉಳಿದಿರಲಿಲ್ಲ. ಆ ದಿಂಡುಗಳನ್ನು ಬಿಟ್ಟಿದ್ದೇ ಆಳ ತೋರಿಸಲಿಕ್ಕೆ! ಸಾಹೇಬರು ಎರಡೇ ಅಡಿ ಬರೆದುಕೋ ಅಂದರು. ಇಪ್ಪತ್ತನಾಲ್ಕು ಬ್ರಾಸ್. ಅಯ್ಯೋ, ಎಂಟು ಮಂದಿಯ ಬಾಯಿಗೆ ಮಣ್ಣು ಹಾಕಿದೆನಲ್ಲ!

ಅಷ್ಟರಲ್ಲಿ ಹಿರಿಯಳು ಮೂಲೆಗೆ ಹೋಗಿ ಕೂಸನ್ನೆತ್ತಿಕೊಂಡಳು. ನೆರಳಿಗೆಂದು ಹೊದಿಸಿದ್ದ ಹಳೇ ಸೀರೆಯನ್ನು ಸರ್ರನೆ ಎಳೆದಳು. ಅದರ ಕೆಳಗೆ ಹುಲ್ಲು ಹೊತ್ತ ಒಂದು ದಿಂಡು ನಿಂತಿತ್ತು.

"ಕೂಸು ಮಲಗೈತಿ ಅಂತ ಇದೊಂದು ಬಿಟ್ಟಿದ್ವಿರೀ," ಎಂದಳು, ನನ್ನತ್ತ ನೋಡದೆ.

ಟೇಪು ಮೂರೂ ಮುಕ್ಕಾಲು ಅಡಿ ತೋರಿಸಿತು. ಸಾಹೇಬರು ಪೆನ್ಸಿಲ್ ಹುಡುಕುವಷ್ಟರಲ್ಲಿ ನಾನು ಕೂಗಿಬಿಟ್ಟೆ: "ಹನ್ನೆರಡು ಮೂರಲೆ ಮೂವತ್ತಾರು, ಹನ್ನೆರಡು ಮುಕ್ಕಾಲು ಒಂಬತ್ತು. ನಲವತ್ತೈದು ಬ್ರಾಸ್!" ಹೋದ ಜೀವ ಬಂದಂತಾಗಿತ್ತು. ಕಣ್ಣಲ್ಲಿ ನೀರೂ ಬಂದಿತ್ತು.

ಸಾಹೇಬರು ಸಹಿ ಹಾಕಿ ಹೋದರು. ಹಿರಿಯಳು ಕೂಸನ್ನು ನನ್ನ ಕೈಗಿತ್ತಳು.

"ಹಿಡಕೋ ತಮ್ಮಾ. ಈಗ ಕಡೀತೀವಿ."

ಅವರು ದಿಂಡು ಕಡಿದು ಮುಗಿಸುವವರೆಗೂ ನಾನು ಅಳತೆ ಪುಸ್ತಕವನ್ನು ಕೂಸಿನ ಮುಖಕ್ಕೆ ನೆರಳಾಗಿ ಹಿಡಿದು ಬಿಸಿಲಲ್ಲಿ ನಿಂತಿದ್ದೆ.