ಗೋಡೆಗೆ ಹಾಕಿಸಿದ ಕೊಂಡಿ

ವಿಜಾಪುರದ ಕಡೆಯಿಂದ ನಾನು ಬಿಟಿಎಂ ಲೇಔಟಿಗೆ ಬಂದಾಗ ಜೊತೆಗಿದ್ದದ್ದು ಒಂದು ಟ್ರಂಕು, ಒಂದು ರೇಸ್ ಸೈಕಲ್. ಆ ಸೈಕಲ್ಲಿನಿಂದಲೇ ಕ್ರೀಡಾ ಕೋಟಾದಲ್ಲಿ ನನಗೆ ಆಫೀಸಿನ ಕೆಲಸ ಸಿಕ್ಕಿತ್ತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಸೈಕಲ್ಲಿಗೆ ವಿಮೆ ಮಾಡಿಸಿದೆ. ಮನೆಯಲ್ಲಿಟ್ಟಾಗ ಬಾಗಿಲಿಗೆ ಬೀಗವಿರಬೇಕು, ಗೋಡೆಗೆ ಭದ್ರವಾಗಿ ಕೂರಿಸಿದ ಕೊಂಡಿಗೆ ಸೈಕಲ್ಲನ್ನು ಸರಪಳಿಯಿಂದ ಬಿಗಿದಿರಬೇಕು, ಇಲ್ಲದಿದ್ದರೆ ಕಳವಾದರೂ ಪರಿಹಾರವಿಲ್ಲ ಎಂದು ಪಾಲಿಸಿಯಲ್ಲಿತ್ತು.

ನಾನು ಬಾಡಿಗೆಗೆ ಹಿಡಿದದ್ದು ಮಹಡಿಯ ಕೋಣೆ; ಮನೆ ಮಾಲೀಕರು ಹೆಂಡತಿಯೊಂದಿಗೆ ಕೆಳಗಿನ ಮನೆಯಲ್ಲಿದ್ದರು. ಕೊಂಡಿ ಹಾಕಿಸಲೇ ಎಂದು ಅವರನ್ನು ಕೇಳಿದೆ. ಗೋಡೆಗೆ ಒಂದು ಮೊಳೆಯೂ ಹೊಡೆಯಕೂಡದು ಅಂದರು. ಅವರಿಬ್ಬರೂ ಮದುವೆಗೆಂದು ಹೋಗಿದ್ದ ಭಾನುವಾರ ಗಾರೆ ಕೆಲಸದವನನ್ನು ಕರೆಸಿ ಕೊಂಡಿ ಹಾಕಿಸಿಬಿಟ್ಟೆ. ಅದು ನನ್ನ ತಪ್ಪೇ.

ಹದಿನೈದು ದಿನದ ಮೇಲೆ ಒಂದು ಸಂಜೆ ಕೆಲಸದಿಂದ ಬಂದರೆ ನನ್ನ ಕೋಣೆಯ ಬಾಗಿಲು ತೆರೆದಿತ್ತು. ಮಾಲೀಕರು ತಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ಒಳಬಂದು, ಸುತ್ತಿಗೆಯಲ್ಲಿ ಬಡಿದು ಕೊಂಡಿ ಕಿತ್ತುಹಾಕಿದ್ದರು. ಏಟಿಗೆ ಬೀಗ ಬಾಯಿಬಿಟ್ಟು, ಸರಪಳಿ ಅದರ ಸಮೇತ ನೆಲದ ಮೇಲೆ ಬಿದ್ದಿತ್ತು. ಸಿಟ್ಟು ತೀರದೆ ಈಗ ಸೈಕಲ್ಲಿನ ಚಕ್ರಕ್ಕೆ ಹೊಡೆಯುತ್ತಿದ್ದರು.

"ಬಿಡ್ರಿ ಅದನ್ನ," ಅಂದೆ.

"ನನ್ನ ಗೋಡೆ ಒಡೀತೀಯಾ ನೀನು?" ಎಂದವರು ಮತ್ತೆ ಸುತ್ತಿಗೆ ಎತ್ತಿದರು.

ಹ್ಯಾಂಡಲ್ ಹಿಡಿದು ಎಳೆದೆ. ಏಟು ನನ್ನ ಎಡ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಬಲಗೈಗೆ ಸರಪಳಿ ಸಿಕ್ಕಿತು, ಬೀಸಿದೆ. ಅದರ ತುದಿಯ ಬೀಗ ಅವರ ಹುಬ್ಬು ಸೀಳಿತು. ಸುತ್ತಿಗೆ ಬಿಟ್ಟು ಮುಖ ಮುಚ್ಚಿಕೊಂಡು ಕುಸಿದು ಕೂತರು. ಬೆರಳ ಸಂದಿಯಿಂದ ರಕ್ತ ಇಳಿದು ಅಂಗಿ ತೊಯ್ಯಿತು. ಅವರ ಕೈ ಖಾಲಿಯಾದದ್ದು ನನಗೆ ಕಂಡಿತ್ತು. ಆದರೂ ಮತ್ತೆ ಬೀಸಿದೆ, ಬೆನ್ನಿಗೆ, ಕುತ್ತಿಗೆಗೆ. ಮೆಟ್ಟಿಲು ಹತ್ತಿ ಓಡಿಬಂದ ಅವರ ಹೆಂಡತಿ ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ ಮೇಲೆಯೇ ನನ್ನ ಕೈ ನಿಂತದ್ದು.

"ಸತ್ತೋಗ್ತಾರೆ ಕಣೇ," ಅಂದರು ಆಕೆ, ಮೆಲ್ಲಗೆ.

ಪೊಲೀಸ್ ಸ್ಟೇಷನ್ನಿನಲ್ಲಿ, ದೂರು ಬರೆದರೆ ಇಬ್ಬರ ಮೇಲೂ ಕೇಸಾಗುತ್ತದೆ ಅಂದರು. ಇಬ್ಬರೂ ಬರೆದುಕೊಡಲಿಲ್ಲ. ಜಖಂಗೊಂಡ ಸೈಕಲ್ಲಿಗೆ ಪರಿಹಾರ ಕೇಳಿದರೆ, ದೂರಿನ ಪ್ರತಿ ಇಲ್ಲದೆ ಏನೂ ಮಾಡಲಾಗದು ಎಂದು ವಿಮೆಯವರು ಕೈತೊಳೆದುಕೊಂಡರು. ನಾನು ಪದ್ಮನಾಭನಗರಕ್ಕೆ ಮನೆ ಬದಲಿಸಿದೆ. ಮಾಲೀಕರ ಒಂದು ಕಣ್ಣು ಮಂಜಾಗಿದೆ ಎಂದು ಹಳೆಯ ಪಕ್ಕದ ಮನೆಯವರು ಆಮೇಲೆ ಹೇಳಿದರು. ನನ್ನ ಮಣಿಕಟ್ಟು ಕೂಡಿಕೊಂಡಿತು, ಆದರೆ ರೇಸಿಗೆ ಇಳಿಯಲಾಗಲಿಲ್ಲ.

ಕೈಗೆ ಪಟ್ಟಿ ಹಾಕಿದ ದಿನ ಊರಿಗೆ ಫೋನ್ ಮಾಡಿ, ಸೈಕಲ್ಲಿನಿಂದ ಬಿದ್ದೆ ಎಂದಿದ್ದೆ.

"ಮತ್ಯಾರಿಗೂ ಪೆಟ್ಟಾಗಿಲ್ಲಲ್ಲಾ?" ಅಂತ ಅವ್ವ ಕೇಳಿದಳು.

ಇಲ್ಲ ಅಂದೆ.