ಘಾಲಾದ ಬೇವಿನ ನೆರಳಲ್ಲಿ ಒಂದು ಹಿಡಿ ಶೇಂಗಾ

ಹೋದ ಶುಕ್ರವಾರ ಈ ಅರಬ್ ಊರಿನ ಹಳೇ ಪೇಟೆ, ಮತ್ರಾದ ಸೂಕಿನ ಓಣಿಯಲ್ಲಿ ಹೆಂಡತಿಯ ಹಿಂದೆ ಚೀಲ ಹಿಡಿದು ನಡೆಯುತ್ತಿದ್ದೆ. ಲೋಬಾನದ ಹೊಗೆ, ಅತ್ತರು, ಹೊಸ ಬಟ್ಟೆಯ ಗಂಜಿ ವಾಸನೆ ಎಲ್ಲದರ ನಡುವೆ ಎಲ್ಲಿಂದಲೋ ಹುರಿದ ಶೇಂಗಾದ ವಾಸನೆ ಬಂತು. ಬಾಗಲಕೋಟೆಯಲ್ಲಿ ಹುಟ್ಟಿದವನಿಗೆ ಆ ವಾಸನೆಗೆ ಅವ್ವ ಕುಟ್ಟುತ್ತಿದ್ದ ಚಟ್ನಿಪುಡಿ ನೆನಪಾಗಬೇಕು. ನನಗೆ ನೆನಪಾಗುವುದು ಘಾಲಾ. ವಾಸನೆಯ ಬೆನ್ನಿಗೇ ಕಿವಿಯಲ್ಲಿ ಆ ಸದ್ದು... ನಿಂತುಬಿಟ್ಟೆ. ಹೆಂಡತಿ ತಿರುಗಿ ನೋಡಿ, "ಮತ್ತ ಅದೇ ಏನ್ರೀ?" ಅಂದಳು. ಹೌದು, ಮತ್ತೆ ಅದೇ.

ಇಲ್ಲಿನ ಕೈಗಾರಿಕಾ ಪ್ರದೇಶ ಘಾಲಾದಲ್ಲಿ ಹನಿ ನೀರಾವರಿಯ ಫಿಲ್ಟರ್ ಟ್ಯಾಂಕುಗಳನ್ನು ತಯಾರಿಸುವ ವರ್ಕ್‌ಶಾಪಿನಲ್ಲಿ ನಾನು ಕ್ವಾಲಿಟಿ ಎಂಜಿನಿಯರ್. ಕೆಲವು ವರ್ಷಗಳ ಹಿಂದೆ ಮಲಾವಿ ದೇಶಕ್ಕೆ ಕಳಿಸಲು ಟ್ಯಾಂಕುಗಳ ದೊಡ್ಡ ಆರ್ಡರ್ ಬಂದಿತ್ತು. ಸಾಲ ಒಂದು ಅಭಿವೃದ್ಧಿ ಬ್ಯಾಂಕಿನದು. ಸರಕು ಹಡಗು ಹತ್ತುವ ಮುಂಚೆ ಆ ದೇಶದವರೇ ಬಂದು, ಕಣ್ಣಾರೆ ನೋಡಿ ಒಪ್ಪಬೇಕು ಎಂಬುದು ಬ್ಯಾಂಕಿನ ಷರತ್ತು. ಹಾಗೆ ಬಂದವರು ಅವರು. ಕೃಷಿ ಇಲಾಖೆಯ ಎಂಜಿನಿಯರ್, ಐವತ್ತು ದಾಟಿದ ಹೆಂಗಸು, ದೊಡ್ಡ ನಗು. ಅವರ ಭಾಷೆಯಲ್ಲಿ ಹಿರಿಯ ಹೆಂಗಸರನ್ನು 'ಅಮಾಯಿ' ಎನ್ನುತ್ತಾರಂತೆ. ನಮಗೂ ಅದು ನಾಲಿಗೆಗೆ ಸಲೀಸಾಯಿತು. ವರ್ಕ್‌ಶಾಪಿಗೆಲ್ಲ ಅವರು ಅಮಾಯಿಯೇ ಆದರು.

ಊಟದ ಹೊತ್ತಿನಲ್ಲಿ ತಮ್ಮ ದೇಶದ ವಿಷಯ ಹೇಳುತ್ತಿದ್ದರು. ತಂಬಾಕು, ಚಹಾ, ಶೇಂಗಾ... ಹೊರಗಿನ ದುಡ್ಡು ಬರುವುದೆಲ್ಲ ಹೆಚ್ಚುಕಡಿಮೆ ಮಣ್ಣಿನಿಂದ. ಆ ದುಡ್ಡಿನಲ್ಲೇ ಡೀಸೆಲ್, ಗೊಬ್ಬರ, ಔಷಧ ತರಿಸಬೇಕು. "ನಮ್ಮಲ್ಲಿ ಮಳೆ ಕೈಕೊಟ್ಟರೆ ಪೆಟ್ರೋಲ್ ಬಂಕ್ ಬಾಗಿಲು ಹಾಕುತ್ತದೆ" ಎಂದು ನಕ್ಕಿದ್ದರು. ಬ್ಯಾಂಕಿನ ಸಾಲದಿಂದ ಶೇಂಗಾ ಹೊಲಗಳಿಗೆ ನೀರು ಬಂದರೆ ಬೇಸಿಗೆಯಲ್ಲೂ ಒಂದು ಬೆಳೆ ತೆಗೆಯಬಹುದು. ಟ್ಯಾಂಕುಗಳು ಬಿತ್ತನೆಗೆ ಮೊದಲು ತಲುಪಬೇಕಿತ್ತು, ಅಷ್ಟೇ.

ಟ್ಯಾಂಕಿಗೆ ನೀರು ತುಂಬಿ, ಒತ್ತಡ ಏರಿಸಿ ಪರೀಕ್ಷೆ ಮಾಡುವುದು ಪದ್ಧತಿ. ಪರೀಕ್ಷೆಯ ದಿನ ನೀರಿನ ಟ್ಯಾಂಕರ್ ಬರಲಿಲ್ಲ. ಡ್ರೈವರ್ ಬೆಳಗಿನಿಂದ "ಇನ್‌ಶಾ ಅಲ್ಲಾ" ಎನ್ನುತ್ತಲೇ ಇದ್ದ. ಹಡಗಿನ ದಿನ ಹತ್ತಿರವಾಗುತ್ತಿತ್ತು. ಮ್ಯಾನೇಜರ್ ಗಾಳಿಯಲ್ಲೇ ಪರೀಕ್ಷೆ ಮಾಡಿ ಎಂದರು. ನಾನು ಬೇಡವೆಂದೆ, ವಾದ ಮಾಡಿದೆ, ನಡೆಯಲಿಲ್ಲ. ಅದುಮಿದ ನೀರು ಬಿರುಕು ಸಿಕ್ಕರೆ ಸೋರಿ ಸುಮ್ಮನಾಗುತ್ತದೆ. ಅದುಮಿದ ಗಾಳಿ ಸಿಡಿಯುತ್ತದೆ. ಒತ್ತಡ ತೋರಿಸುವ ಗೇಜ್ ನೋಡುತ್ತ ಕೂರುವುದು ನನ್ನ ಕೆಲಸ. ಟ್ಯಾಂಕಿನ ಎದುರೇ ಸ್ಟೂಲು.

ಅಮಾಯಿ ಆಗಷ್ಟೇ ಹೋಟೆಲಿನಿಂದ ಬಂದಿದ್ದರು, ಗಾಳಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಬಂದವರೇ ಎಲ್ಲರನ್ನೂ ಹೊರಗೆ ಕರೆದರು. ಕೈಯಲ್ಲಿ ಬಟ್ಟೆಯ ಗಂಟು. ತಮ್ಮೂರಿನ ಹೊಲದ ಶೇಂಗಾ, ಹುರಿದು ತಂದದ್ದು. ಹೊಲಕ್ಕೆ ಮೊದಲ ನೀರು ಬಿಡುವ ಮುಂಚೆ, ಕಾಲುವೆ ತೋಡಿದವರೆಲ್ಲ ಆ ಹೊಲದ ಕಾಳನ್ನು ಒಟ್ಟಿಗೆ ನಿಂತು ತಿನ್ನಬೇಕಂತೆ. "ದೇಶದ ಪದ್ಧತಿ ಅಂದುಕೊಳ್ಳಬೇಡಿ, ನನ್ನಜ್ಜಿಯದು. ಅವಳ ಮಾತು ಮೀರುವ ಧೈರ್ಯ ಈಗಲೂ ಇಲ್ಲ" ಎಂದರು.

ಉಡುಪಿ ಕಡೆಯ ನಮ್ಮ ಫೋರ್‌ಮನ್ ತಲೆ ಚಚ್ಚಿಕೊಂಡರು. "ಎಂತ ಮಾರಾಯ್ರೆ ಇದು! ಅಲ್ಲಿ ಹಡಗು ಕಾಯ್ತಾ ಉಂಟು, ಇವರಿಗೆ ನೆಲಕಡ್ಲೆ!" ಅಂದರೂ ಹೋದರು. ಹೋಗುವಾಗ ಗಾಳಿಯ ವಾಲ್ವ್ ತೆರೆದೇ ಬಿಟ್ಟರು. ತಿಂದು ಬರುವಷ್ಟರಲ್ಲಿ ಒತ್ತಡ ಏರಿರಲಿ ಎಂಬ ಲೆಕ್ಕ. ಹಾಗಾಗಿ ನಾನು ಕೂತೇ ಇದ್ದೆ. ಅಮಾಯಿ ಬಾಗಿಲಲ್ಲಿ ನಿಂತು ಕರೆದರು. ಗೇಜ್ ಬಿಟ್ಟು ಬರಲಾರೆ ಎಂದೆ. ಮತ್ತೆ ಕರೆದರು.

"ಗೇಜು ಎಲ್ಲಿಗೂ ಓಡಿಹೋಗಲ್ಲ ಮಗ. ನೀನು ತಿನ್ನದೆ ನಾನೂ ತಿನ್ನಲ್ಲ."

ಹೆಲ್ಮೆಟ್ಟನ್ನು ಸ್ಟೂಲಿನ ಮೇಲಿಟ್ಟು ಎದ್ದೆ. ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ಅಂಗೈ ಒಡ್ಡಿ ನಿಂತಿದ್ದರು, ತೀರ್ಥ ತೆಗೆದುಕೊಳ್ಳುವವರ ಹಾಗೆ. ನಾನು ಬಾಯಿಗೆ ಹಾಕಿಕೊಂಡಿದ್ದೆ, ಇನ್ನೂ ಅಗಿದಿರಲಿಲ್ಲ...

ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಟ್ಯಾಂಕಿನ ಮುಚ್ಚಳ ಕಿತ್ತುಹೋಗಿ, ತಗಡಿನ ಗೋಡೆ ಸೀಳಿಕೊಂಡು ಹಿಂದಿನ ರಸ್ತೆಗೆ ಬಿದ್ದಿತ್ತು. ಧೂಳು ಇಳಿದ ಮೇಲೆ ಒಳಗೆ ಹೋಗಿ ನೋಡಿದೆವು. ಸ್ಟೂಲು ಇರಲಿಲ್ಲ. ಅದರ ಒಂದು ಕಾಲು ಮಾತ್ರ ಸಿಕ್ಕಿತು. ಹೆಲ್ಮೆಟ್ ಇವತ್ತಿಗೂ ಸಿಕ್ಕಿಲ್ಲ. ಫೋರ್‌ಮನ್ ನೆಲದ ಮೇಲೆ ಕೂತು ತುಳುವಿನಲ್ಲಿ ಏನೋ ಗೊಣಗುತ್ತ ಅಳುತ್ತಿದ್ದರು.

ಸಂಜೆ ಬ್ಯಾಂಕಿನ ಅಧಿಕಾರಿಯ ಫೋನ್ ಬಂತು. ಅಮಾಯಿ ಸ್ಪೀಕರ್ ಹಾಕಿದರು. ಆರ್ಡರ್ ರದ್ದು ಮಾಡಿ ಬನ್ನಿ, ಟೆಂಡರ್ ಮತ್ತೆ ಕರೆಯೋಣ ಎಂದರು ಅಧಿಕಾರಿ. ಹಾಗಾದರೆ ಆ ವರ್ಷದ ಬಿತ್ತನೆ ಹೋದಂತೆ. ಕಣ್ಣುಮುಚ್ಚಿ ಒಪ್ಪಿದರೆ, ಇಲ್ಲಿ ಸಿಡಿದದ್ದು ನಾಳೆ ಯಾವುದೋ ಹೊಲದಲ್ಲಿ ಸಿಡಿಯಬಹುದು. ಅಮಾಯಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. "ಟೆಂಡರ್ ಕರೆದರೆ ಬರುತ್ತದೆ ಸಾರ್. ಬಿತ್ತನೆ ಕಾಲ ಕರೆದರೆ ಬರಲ್ಲ. ನಾನು ಇಲ್ಲೇ ಇರುತ್ತೇನೆ. ಒಂದೊಂದು ಟ್ಯಾಂಕನ್ನೂ ನೀರಿನಲ್ಲೇ ಪರೀಕ್ಷೆ ಮಾಡಿಸುತ್ತೇನೆ."

ವಿಮಾನದ ಟಿಕೆಟ್ ಮುಂದೆ ಹಾಕಿಸಿದರು. ಮ್ಯಾನೇಜರ್ ನೀರಿನ ಟ್ಯಾಂಕರುಗಳನ್ನು ತರಿಸಿದರು. ಬೆಸುಗೆ ಸಡಿಲವಿದ್ದವನ್ನು ಬಿಚ್ಚಿ ಮತ್ತೆ ಹಾಕಿದೆವು. ಅಮಾಯಿ ಬೇವಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹೊರಗೆ ಹರಿಯುವ ನೀರನ್ನು ಬಕೆಟ್ಟಿನಲ್ಲಿ ಹಿಡಿಸಿ ಮರಕ್ಕೆ ಹಾಕಿಸುತ್ತಿದ್ದರು. ಫೋರ್‌ಮನ್ ಅವರಿಗೆ ದಿನಾ ಮನೆಯಿಂದ ನೀರುದೋಸೆ ತರುತ್ತಿದ್ದರು. ಭಯದ ನಡುವೆಯೂ ಅವು ಸುಖದ ದಿನಗಳು. ನನ್ನ ಹೆಂಡತಿ ಒಮ್ಮೆ ಶೇಂಗಾ ಹೋಳಿಗೆ ಮಾಡಿ ಬಡಿಸಿದಾಗ, "ನಮ್ಮ ಕಾಳು ಇಷ್ಟು ಸಿಹಿಯಾಗುತ್ತದೆಂದು ಯಾರೂ ಹೇಳಿರಲಿಲ್ಲವಲ್ಲ!" ಎಂದು ಕೊನೆಯ ಚೂರನ್ನೂ ಬಿಡಲಿಲ್ಲ. ಹಡಗು ತಡವಾಗಿ ಹೊರಟರೂ ಬಿತ್ತನೆ ತಪ್ಪಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ವಿಡಿಯೊ ಕಳಿಸಿದ್ದರು. ನಮ್ಮ ಟ್ಯಾಂಕು, ಅದರಾಚೆ ಹಸಿರು ಸಾಲು, ಗಿಡ ಕಿತ್ತು ಮಣ್ಣು ಕೊಡವುತ್ತ ನಗುವ ಹೆಂಗಸರು. ಹೋದ ವರ್ಷ ಅವರ ಕಚೇರಿಯಿಂದ ಸಣ್ಣದೊಂದು ಸುದ್ದಿ ಬಂತು, ಅಮಾಯಿ ಇನ್ನಿಲ್ಲ ಎಂದು. ಕಾಯಿಲೆಯಂತೆ. ನಮಗೆ ಹೇಳಿಯೇ ಇರಲಿಲ್ಲ...

ರಾತ್ರಿ ಕಣ್ಣು ಮುಚ್ಚಿದರೆ ಆ ಸ್ಟೂಲಿನಲ್ಲಿ ನಾನು ಈಗಲೂ ಕೂತಿರುತ್ತೇನೆ. ಎಷ್ಟೋ ಸಲ ಏಳುವುದೇ ಇಲ್ಲ, ಸದ್ದಿಗೆ ಎಚ್ಚರಾಗುತ್ತದೆ. ಎಷ್ಟೋ ಸಲ ಬಾಗಿಲಲ್ಲಿ ಅವರು ನಿಂತಿರುತ್ತಾರೆ.

ಶುಕ್ರವಾರ ಮತ್ರಾದಲ್ಲಿ ಚೀಲ ತುಂಬ ಶೇಂಗಾ ಕೊಂಡೆ. ಭಾನುವಾರ ಹೊಸ ಟ್ಯಾಂಕಿನ ಪರೀಕ್ಷೆ, ನೀರಿನಲ್ಲೇ. ಫೋರ್‌ಮನ್ ವಾಲ್ವ್ ಮುಚ್ಚಿ, ಎರಡು ಸಲ ತಿರುಗಿಸಿ ನೋಡಿ, "ಯಲ್ಲಾ, ಅಮಾಯಿ!" ಎಂದು ಕೂಗಿದರು. ಯಲ್ಲಾ ಅಂದರೆ ಇಲ್ಲಿನ ಅರಬ್ಬಿಯಲ್ಲಿ 'ನಡೀರಿ'. ಅಮಾಯಿ ಒಬ್ಬ ವ್ಯಕ್ತಿಯೆಂದು ಹೊಸಬರಿಗೆ ಗೊತ್ತಿಲ್ಲ. ಶೇಂಗಾ ತಿನ್ನಲು ಹೊರಗೆ ಬರಬೇಕೆನ್ನುವುದಕ್ಕೆ ಇಲ್ಲಿ ಹಾಗೆ ಹೇಳುತ್ತಾರೆ ಎಂದಷ್ಟೇ ಗೊತ್ತು. ಎಲ್ಲರೂ ಬೇವಿನ ಕೆಳಗೆ ಬಂದರು. ಮರ ಈಗ ತಗಡಿನ ಸೂರಿಗಿಂತ ಎತ್ತರ. ನಾನು ಕೊನೆಗೆ ಬಂದೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ, ಗೇಜಿನ ಮುಂದೆ ಹೊಸ ಸ್ಟೂಲು, ಖಾಲಿ. ಆಮೇಲೆ ಅಂಗೈ ಒಡ್ಡಿದೆ.