ಮೈಕು ಮತ್ತು ಕಿಟಕಿ

ನರಸೀಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಮೇಷ್ಟ್ರು ದಿನಾ ಬಾಗಿಲಲ್ಲೇ "ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರು. ಕೇಳಿ ಎಲ್ಲರಂತೆ ಮುಂದೆ ಹೋಗುತ್ತಿರಲಿಲ್ಲ. ಕತ್ತು ವಾಲಿಸಿ, ಉತ್ತರ ಬರುವವರೆಗೂ ನಿಲ್ಲುತ್ತಿದ್ದರು. ಬನ್ನೂರಿನಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದ ನಾನು "ಆಯ್ತು ಸಾ" ಎಂದು ಜಾರಿಕೊಳ್ಳುತ್ತಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನ್ನ ಪ್ರೋಗ್ರಾಮನ್ನು ಅದನ್ನು ಬರೆದ ಎಡಿಟರಿನಲ್ಲೇ ಓಡಿಸಿದೆ. ಅದು "ನಿಮ್ಮ ಹೆಸರು?" ಎಂದು ಕೇಳಿ ಸುಮ್ಮನಾಯಿತು. ಎಷ್ಟು ಟೈಪ್ ಮಾಡಿದರೂ ಒಂದಕ್ಷರ ಮೂಡಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು "ಪ್ರೋಗ್ರಾಂ ತಪ್ಪು" ಎಂದು ಪೆನ್ನು ತೆಗೆದರು.

"ಒಂದ್ನಿಮಿಷ ಸಾ," ಎಂದರು ಮೇಷ್ಟ್ರು. "ಈ ಎಡಿಟರು ಬಸ್ ಸ್ಟ್ಯಾಂಡ್ ಮೈಕಿದ್ದಂಗೆ. ಕೂಗ್ತದೆ ಅಷ್ಟೆ, ನಮ್ ಮಾತು ಕೇಳಿಸ್ಕೊಳ್ಳಲ್ಲ. ಮಾತಾಡ್ಬೇಕು ಅಂದ್ರೆ ಎನ್‌ಕ್ವೈರಿ ಕಿಟಕಿ ಹತ್ರ ಓಗ್ಬೇಕು."

ಏನನ್ನೂ ಬದಲಿಸದೆ ಅದೇ ಪ್ರೋಗ್ರಾಮನ್ನು ಕಮಾಂಡ್ ಲೈನಿನ ಕಪ್ಪು ಕಿಟಕಿಯಲ್ಲಿ ಓಡಿಸಿದರು. ಅದು ಹೆಸರು ಕೇಳಿತು, ನಾನು ಟೈಪ್ ಮಾಡಿದೆ, "ನಮಸ್ಕಾರ" ಎಂದಿತು. ಪರೀಕ್ಷಕರು ನಕ್ಕು ಅಂಕ ಹಾಕಿದರು.

ನಾನು ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿದ್ದರು. "ತಿಂಡಿ ಆಯ್ತೇನಮ್ಮಾ?" ಎಂದು ಕತ್ತು ವಾಲಿಸಿ ನಿಂತರು.

"ಇಲ್ಲ ಸಾ," ಎಂದೆ.

ಅವರು ಚಿತ್ರಾನ್ನದ ಡಬ್ಬಿ ತೆರೆದರು. ಒಳಗೆ ಎರಡು ಚಮಚಗಳಿದ್ದವು.